ಕೇಸು ನಿಲ್ಲುವುದೆಲ್ಲಿ, ಬೀಳುವುದೆಲ್ಲಿ?

ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಆದೋನಿ ಕೋರ್ಟಿನ ಅಂಗಳ ತುಂಬಿಬಿಡುತ್ತದೆ. ಕೌತಾಳ, ಕೋಸಿಗಿ, ಹೊಳಗುಂದದ ಕಡೆಯಿಂದ ಬಸ್ಸಿನಲ್ಲೋ ಷೇರ್ ಆಟೋದಲ್ಲೋ ಬಂದಿಳಿದವರು ನೆರಳು ಹುಡುಕಿ ಕೂತಿರುತ್ತಾರೆ. ಊರು ಒಂದೇ, ಗುಂಪು ಎರಡು. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ವಕೀಲರ ಗುಮಾಸ್ತರು ಕಾಗದದ ಕಟ್ಟು ಹಿಡಿದು ಓಡಾಡುತ್ತಾರೆ. ಸಬ್‌ಜೈಲಿನಿಂದ ಪೊಲೀಸರ ಕಾವಲಿನಲ್ಲಿ ಬಂದವರಿಗೆ ಮನೆಯವರು ದೂರದಿಂದಲೇ ಕೈ ಎತ್ತಿ ತೋರುತ್ತಾರೆ. ಜವಾನ ಬಾಗಿಲಿಗೆ ಬಂದು ಹೆಸರು ಕೂಗುತ್ತಾನೆ. ತೆಲುಗಿನ ಕೂಗಿಗೆ ಕನ್ನಡದಲ್ಲಿ ‘ಬಂದೆ ಸ್ವಾಮಿ’ ಎಂಬ ಉತ್ತರ ಬಂದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೂಗಿದ ಹೆಸರುಗಳಲ್ಲಿ ಬಹುಪಾಲಿಗೆ ಸಿಕ್ಕಿರುವುದು ಮುಂದಿನ ತಾರೀಖು. ಕೆಲವರು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗಿರುತ್ತಾರೆ. ಒಂದೆರಡು ಕೇಸಿನಲ್ಲಿ ಸಾಕ್ಷಿ ನಡೆದಿರುತ್ತದೆ. ತೀರ್ಪು ಓದುವ ದಿನ ಅಪರೂಪ.

ಪೇಪರು ಓದುವ ನಮಗೆ ಮಾತ್ರ ಕೋರ್ಟು ಎಂದರೆ ಎರಡೇ ಸುದ್ದಿ: ಶಿಕ್ಷೆ ಆಯಿತು, ಇಲ್ಲವೇ ಖುಲಾಸೆ ಆಯಿತು. ಇವೆರಡರ ನಡುವೆ ಒಂದು ಕೇಸು ಎಷ್ಟು ಬಗೆಯಲ್ಲಿ ಮುಗಿಯಬಹುದು, ಒಂದೇ ಬಗೆಯ ಏಟಿಗೆ ಒಬ್ಬನಿಗೆ ದಂಡ, ಇನ್ನೊಬ್ಬನಿಗೆ ಜೀವಾವಧಿ ಯಾಕಾಗುತ್ತದೆ ಎಂಬುದು ಅರ್ಧಂಬರ್ಧ ಗೊತ್ತಿರುವ ವಿಷಯ. ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚು, ಅಂದರೆ ಆದೋನಿ, ಆಲೂರು, ಎಮ್ಮಿಗನೂರು, ಪತ್ತಿಕೊಂಡ ಸೀಮೆಯನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನ್ಯಾಯಾಧೀಶರು ತೀರ್ಪು ಬರೆಯಲು ಕೂರುವ ಹೊತ್ತಿಗೆ ಕೇಸಿನ ಹಣೆಬರಹ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ತೀರ್ಮಾನಿಸಿದವರು ಎಫ್‌ಐಆರ್ ಬರೆದ ಪೊಲೀಸರು, ಪಂಚರು, ಸಾಕ್ಷಿಗಳು ಮತ್ತು ಊರ ಹಿರಿಯರು.

ಬಳ್ಳಾರಿಯ ಕೋರ್ಟಿನಿಂದ ಕರ್ನೂಲಿಗೆ

ಈ ಸೀಮೆಯ ಆದೋನಿ, ಆಲೂರು ಕಡೆಯ ಕೇಸುಗಳು ಒಂದು ಕಾಲಕ್ಕೆ ಬಳ್ಳಾರಿಯ ಸೆಷನ್ಸ್ ಕೋರ್ಟಿಗೇ ಹೋಗುತ್ತಿದ್ದವು. ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳೂ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಮೂರು ಆಂಧ್ರಕ್ಕೆ ಸೇರಿದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು ಕರ್ನೂಲು ಜಿಲ್ಲೆಯ ಪಾಲಾದರೆ ರಾಯದುರ್ಗ ಅನಂತಪುರದ ಪಾಲಾಯಿತು.

ಮೇಲ್ಮನವಿಯ ದಾರಿ ಇನ್ನೂ ಸುತ್ತಾಡಿದೆ. 1954ರ ತನಕ ಮದ್ರಾಸು, ಆ ವರ್ಷದಿಂದ ಗುಂಟೂರು, 1956ರಿಂದ ಹೈದರಾಬಾದು, 2019ರ ಜನವರಿ 1ರಿಂದ ಅಮರಾವತಿ. ಊರು ಕದಲದಿದ್ದರೂ ಒಬ್ಬ ಮನುಷ್ಯನ ಆಯುಷ್ಯದೊಳಗೆ ಅದರ ಹೈಕೋರ್ಟು ನಾಲ್ಕು ಊರು ಕಂಡಿತು. ಕರ್ನೂಲಿನಲ್ಲಿ ಹೈಕೋರ್ಟ್ ಪೀಠ ಬೇಕೆಂದು ಆಂಧ್ರ ವಿಧಾನಸಭೆ 2024ರ ನವೆಂಬರ್‌ನಲ್ಲಿ ನಿರ್ಣಯ ಮಾಡಿದೆ. ರಾಯಲಸೀಮೆಯ ಜನಕ್ಕೆ ಇದು ಬರೀ ಪ್ರತಿಷ್ಠೆಯ ಮಾತಲ್ಲ. ಶಿಕ್ಷೆಯಾದವನ ಮನೆಯವರು ಅಪೀಲಿಗೆ ಎಷ್ಟು ದೂರ ಹೋಗಬೇಕು, ಎಷ್ಟು ಸಲ ಹೋಗಬಲ್ಲರು ಎಂಬ ಲೆಕ್ಕ ಇದರೊಳಗಿದೆ.

ಕೋರ್ಟಿನಾಚೆಯ ನ್ಯಾಯಕ್ಕೂ ಇಲ್ಲಿ ಹಳೆಯ ಬೇರಿದೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಜಗಳ ಬಗೆಹರಿಸುವ ಕೆಲಸದಲ್ಲಿ ಊರಿನವರಿಗೂ ಪಾಲು ಇರಬೇಕೆಂದು ವಾದಿಸಿದವನು ಅವನು. 1816ರ ಮದ್ರಾಸಿನ ಕಾಯಿದೆಗಳು ಗ್ರಾಮ ಮುನಸೀಬರಿಗೂ ಗ್ರಾಮ ಪಂಚಾಯಿತಿಗಳಿಗೂ ಸಣ್ಣಪುಟ್ಟ ವ್ಯಾಜ್ಯ ತೀರ್ಮಾನಿಸುವ ಅಧಿಕಾರ ಕೊಟ್ಟವು. ಮದ್ರಾಸಿನ ಗವರ್ನರಾಗಿದ್ದಾಗಲೇ, 1827ರಲ್ಲಿ, ಮನ್ರೋ ಕಾಲರಾಕ್ಕೆ ತುತ್ತಾಗಿ ಸತ್ತದ್ದು ಇದೇ ಸೀಮೆಯ ಪತ್ತಿಕೊಂಡದಲ್ಲಿ. ಗ್ರಾಮ ಮುನಸೀಬನ ಹುದ್ದೆ 1984ರವರೆಗೂ ಉಳಿದಿತ್ತು, ಎನ್.ಟಿ. ರಾಮರಾವ್ ಸರ್ಕಾರ ಅದನ್ನು ರದ್ದು ಮಾಡಿತು. ಹುದ್ದೆ ಹೋಯಿತು, ಕಟ್ಟೆಯ ಮೇಲಿನ ಪಂಚಾಯಿತಿ ಹೋಗಲಿಲ್ಲ.

ಯಾವ ಕೇಸು ಎಲ್ಲಿಗೆ?

ಸಣ್ಣ ಹೊಡೆದಾಟ, ಕಳವು, ಜೂಜು, ಅಪಘಾತದಂಥ ಪ್ರಕರಣಗಳು ಮೊದಲ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಬರುತ್ತವೆ. ಅವರು ಹಾಕಬಹುದಾದ ಜೈಲು ಹೆಚ್ಚೆಂದರೆ ಮೂರು ವರ್ಷ. ದಂಡದ ಮಿತಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 10,000 ರೂಪಾಯಿ ಇತ್ತು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅದನ್ನು 50,000ಕ್ಕೆ ಏರಿಸಿದೆ.

ಕೊಲೆ, ಕೊಲೆಯತ್ನದಂಥ ಕೇಸುಗಳೂ ಮೊದಲು ಮ್ಯಾಜಿಸ್ಟ್ರೇಟರ ಬಳಿಗೇ ಬಂದು, ಅಲ್ಲಿಂದ ಸೆಷನ್ಸ್ ಕೋರ್ಟಿಗೆ ಒಪ್ಪಿಸಲ್ಪಡುತ್ತವೆ. ಜಿಲ್ಲಾ ಕೇಂದ್ರ ಕರ್ನೂಲಾದರೂ ಆದೋನಿಯಲ್ಲೇ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಇರುವುದರಿಂದ ಈ ಭಾಗದ ದೊಡ್ಡ ಕೇಸುಗಳ ವಿಚಾರಣೆ ಇಲ್ಲಿಯೂ ನಡೆಯುತ್ತದೆ. ಸೆಷನ್ಸ್ ನ್ಯಾಯಾಧೀಶರು ಕಾನೂನು ಹೇಳಿರುವ ಯಾವ ಶಿಕ್ಷೆಯನ್ನಾದರೂ ಕೊಡಬಹುದು. ಮರಣದಂಡನೆಗೆ ಮಾತ್ರ ಹೈಕೋರ್ಟಿನ ದೃಢೀಕರಣ ಬೇಕು.

ಬದುವಿನ ಜಗಳದ ಕೇಸು

ಒಂದು ಕೇಸು ಊಹಿಸಿಕೊಳ್ಳೋಣ. ಕೌತಾಳದ ಕಡೆಯ ಒಂದು ಊರು. ಹೊಲದ ಬದು ಒತ್ತಿದರೆಂದು ದಾಯಾದಿಗಳಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಒಬ್ಬ ಕೈಲಿದ್ದ ಬಡಿಗೆ ಬೀಸುತ್ತಾನೆ. ಇನ್ನೊಬ್ಬನ ತಲೆ ಒಡೆದು ರಕ್ತ ಬರುತ್ತದೆ. ಆದೋನಿಯ ಸರ್ಕಾರಿ ಆಸ್ಪತ್ರೆ, ಹೊಲಿಗೆ, ಗಾಯದ ಸರ್ಟಿಫಿಕೇಟು, ಠಾಣೆ, ಎಫ್‌ಐಆರ್. ಸಂಜೆಯೊಳಗೆ ಆ ಕಡೆಯವರೂ ತಮಗೂ ಏಟು ಬಿದ್ದಿದೆ ಎಂದು ದೂರು ಕೊಡುತ್ತಾರೆ. ಕೇಸಿಗೊಂದು ಪ್ರತಿಕೇಸು. ಇಂಥವನ್ನು ಸಾಧ್ಯವಾದಷ್ಟೂ ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೊಂದರಂತೆ ಕೇಳಿ, ಎರಡಕ್ಕೂ ಬೇರೆ ಬೇರೆ ತೀರ್ಪು ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿದೆ.

ಈ ಒಂದು ಏಟು ಯಾವ ಕಲಮಿನಡಿ ಬೀಳುತ್ತದೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಬರಿಗೈಯ ಸಾಧಾರಣ ಗಾಯವಾದರೆ ಹೆಚ್ಚೆಂದರೆ ಒಂದು ವರ್ಷ. ಅಪಾಯಕಾರಿ ಆಯುಧದಿಂದ ಆದದ್ದಾದರೆ ಮೂರು ವರ್ಷದ ತನಕ. ಮೂಳೆ ಮುರಿದಿದ್ದರೆ ತೀವ್ರ ಗಾಯ, ಏಳು ವರ್ಷದ ತನಕ. ಕೊಲ್ಲುವ ಉದ್ದೇಶವಿತ್ತು ಎಂದು ಬರೆದರೆ ಕೊಲೆಯತ್ನ. ಕೇಸು ಸೆಷನ್ಸಿಗೆ. ಹೀಗಾಗಿ ಠಾಣೆಯಲ್ಲಿ ಮೊದಲ ದಿನ ನಡೆಯುವ ಎಳೆದಾಟ, ‘ಯಾವ ಸೆಕ್ಷನ್ ಹಾಕಿದರು?’ ಎಂಬ ಕಾತರ, ಎರಡೂ ಕಡೆಯ ಮುಖಂಡರ ಫೋನು, ಇವಾವೂ ಸುಮ್ಮನೆ ಅಲ್ಲ.

ಅದೃಷ್ಟ ಕೆಟ್ಟು ಗಾಯಾಳು ಸತ್ತರೆ? ಆಗಲೂ ದಾರಿ ಎರಡಿವೆ. ಮೊದಲೇ ಸಂಚು ಹಾಕಿ ಹೊಡೆದಿದ್ದರೆ ಕೊಲೆ, ಕನಿಷ್ಠ ಜೀವಾವಧಿ. ದಿಢೀರ್ ಜಗಳದಲ್ಲಿ, ಪೂರ್ವಸಿದ್ಧತೆಯಿಲ್ಲದೆ, ಕ್ರೂರವಾಗಿ ವರ್ತಿಸದೆ ಹೊಡೆದದ್ದೆಂದು ಕೋರ್ಟಿಗೆ ಮನವರಿಕೆಯಾದರೆ ಅದು ಕೊಲೆಯಲ್ಲದ ನರಹತ್ಯೆ. ಹಳೆಯ ಭಾರತೀಯ ದಂಡ ಸಂಹಿತೆಯ 304ನೇ ಕಲಮಿನ ಎರಡನೇ ಭಾಗದಲ್ಲಿ ಅದಕ್ಕೆ ಗರಿಷ್ಠ ಹತ್ತು ವರ್ಷ. ಸತ್ತವನೂ ಅವನೇ, ಬಡಿಗೆಯೂ ಅದೇ. ಬಡಿಗೆ ಹೊಲದಲ್ಲೇ ಬಿದ್ದಿತ್ತೋ ಮನೆಯಿಂದ ತಂದದ್ದೋ, ಏಟು ಒಂದೋ ಹತ್ತೋ ಎಂಬುದು ಹತ್ತು ವರ್ಷಕ್ಕೂ ಜೀವಾವಧಿಗೂ ನಡುವಿನ ಅಂತರವಾಗುತ್ತದೆ.

ರಾಜಿ: ಬಾಗಿಲು ಎಲ್ಲಿದೆ, ಎಲ್ಲಿಲ್ಲ

ಏಟು ತಿಂದವನು ಬದುಕಿ ಉಳಿದ ಎಂದುಕೊಳ್ಳೋಣ. ಚಾರ್ಜ್‌ಶೀಟ್ ಆಗಿ ವಿಚಾರಣೆಗೆ ಬರುವಷ್ಟರಲ್ಲಿ ವರ್ಷಗಳು ಉರುಳಿವೆ. ಎರಡೂ ಮನೆಗೆ ನಡುವೆ ಒಂದು ಮದುವೆಯೋ ಸಾವೋ ಬಂದಿದೆ. ಹಿರಿಯರು ಕೂಡಿಸಿ ಮಾತಾಡಿದ್ದಾರೆ. ಬದು ಅಳೆಸಿ ಕಲ್ಲು ನೆಟ್ಟಾಗಿದೆ. ಈಗ ಕೋರ್ಟಿನ ಕೇಸೊಂದು ಉಳಿದಿದೆ.

ಕಾನೂನು ಕೆಲವು ಅಪರಾಧಗಳಿಗೆ ರಾಜಿಯ ಬಾಗಿಲು ತೆರೆದಿಟ್ಟಿದೆ. ಸಾಧಾರಣ ಗಾಯಕ್ಕೆ ಗಾಯಾಳುವೇ ಒಪ್ಪಿದರೆ ಸಾಕು. ಮೂಳೆ ಮುರಿದ ಕೇಸಿಗೂ ಕೋರ್ಟಿನ ಅನುಮತಿ ಪಡೆದು ರಾಜಿಯಾಗಬಹುದು. ವರ್ಷಕ್ಕೆ ಸಾಮಾನ್ಯವಾಗಿ ನಾಲ್ಕು ಸಲ ನಡೆಯುವ ರಾಷ್ಟ್ರೀಯ ಲೋಕ ಅದಾಲತ್‌ಗಳಲ್ಲಿ ಇಂಥ ಕೇಸುಗಳು ಕಂತೆಗಟ್ಟಲೆ ಮುಗಿಯುತ್ತವೆ. ರಾಜಿಯಾದರೆ ಕಾನೂನಿನ ಕಣ್ಣಿಗೆ ಆರೋಪಿ ಖುಲಾಸೆಯಾದಂತೆ.

ಆದರೆ ಆಯುಧದಿಂದಾದ ಗಾಯಕ್ಕೆ ಈ ಬಾಗಿಲು ಮುಚ್ಚಿದೆ. ವಿಚಿತ್ರ ನೋಡಿ: ಗುದ್ದಿ ಕೈ ಮುರಿದರೆ ರಾಜಿಯಾಗಬಹುದು, ಬಡಿಗೆಯಲ್ಲಿ ಬಾರಿಸಿ ತರಚಿದರೆ ಆಗುವುದಿಲ್ಲ. ಊರಿನಲ್ಲಿ ಆಗಿಹೋದ ರಾಜಿಗೆ ಕೋರ್ಟಿನಲ್ಲಿ ಜಾಗವಿಲ್ಲದಾಗ ಅದು ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಗಾಯಾಳು ಕಟಕಟೆಗೆ ಬಂದು ‘ಕತ್ತಲಿತ್ತು, ಯಾರು ಹೊಡೆದರೋ ನೋಡಲಿಲ್ಲ’ ಅನ್ನುತ್ತಾನೆ. ‘ಕಾಲು ಜಾರಿ ಬಿದ್ದೆ’ ಅನ್ನುವವರೂ ಉಂಟು. ಸರ್ಕಾರಿ ವಕೀಲರು ಎದ್ದು ಸಾಕ್ಷಿ ತಿರುಗಿಬಿದ್ದಿದ್ದಾನೆಂದು ತಿಳಿಸಿ ತಮ್ಮದೇ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುತ್ತಾರೆ. ಪೊಲೀಸರು ಬರೆದುಕೊಂಡ ಹೇಳಿಕೆಯನ್ನು ಓದಿ ತೋರಿಸಿದರೆ ‘ನಾನು ಹಾಗೆ ಹೇಳಿಲ್ಲ’ ಎಂಬ ಉತ್ತರ ಬರುತ್ತದೆ. ಕೆಲವೇ ನಿಮಿಷದ ಕೆಲಸ. ಕೇಸು ಬಿದ್ದಂತೆಯೇ.

ದಾಖಲೆಯಲ್ಲಿ ಇದು ‘ಸಾಕ್ಷ್ಯಾಧಾರದ ಕೊರತೆಯಿಂದ ಖುಲಾಸೆ’. ಊರಿನ ಲೆಕ್ಕದಲ್ಲಿ ಜಗಳ ಎಂದೋ ಮುಗಿದಿದೆ. ಆದರೆ ಇದೇ ದಾರಿಯಲ್ಲಿ ಬೆದರಿಕೆಗೆ ಬಗ್ಗಿದ ಬಡವನ ಕೇಸೂ ಬೀಳುತ್ತದೆ. ಮನಃಪೂರ್ವಕ ರಾಜಿಯಾದವನೂ ಹೆದರಿ ಹಿಂದೆ ಸರಿದವನೂ ಕಟಕಟೆಯಲ್ಲಿ ಒಂದೇ ಮಾತು ಆಡುತ್ತಾರೆ; ಕಾಗದದ ಮೇಲೆ ಅವರಿಬ್ಬರನ್ನು ಬೇರ್ಪಡಿಸಿ ನೋಡುವುದು ಕಷ್ಟ. 2018ರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಅನ್ವಯಿಸಿದ್ದು ಎರಡನೆಯವನಿಗಾಗಿ.

ಗಡಿ ದಾಟಿದರೆ ಬದಲಾಗುವ ರಾಜಿ

ಆದೋನಿಗೂ ಕರ್ನಾಟಕದ ಸಿರುಗುಪ್ಪಕ್ಕೂ ಹೆಣ್ಣು ಕೊಟ್ಟು ತರುವ ಸಂಬಂಧ ಮೊದಲಿನಿಂದಲೂ ಇದೆ. ಸೊಸೆಗೆ ಕಿರುಕುಳ ಕೊಟ್ಟರೆಂಬ 498ಎ ಪ್ರಕರಣಗಳು ಹೀಗೆ ಎರಡು ರಾಜ್ಯದ ನಡುವೆ ತೂಗಾಡುತ್ತವೆ. ಗಂಡನ ಮನೆ ಬಿಟ್ಟು ಬಂದ ಹೆಂಡತಿ ತವರಿನ ಠಾಣೆಯಲ್ಲೇ ದೂರು ಕೊಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಇಲ್ಲೊಂದು ಸ್ವಾರಸ್ಯವಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ ಆಂಧ್ರ 2003ರಲ್ಲಿ ತಿದ್ದುಪಡಿ ತಂದು 498ಎ ಪ್ರಕರಣದಲ್ಲೂ ಕೋರ್ಟಿನ ಅನುಮತಿಯಿಂದ ರಾಜಿಗೆ ಅವಕಾಶ ಮಾಡಿತ್ತು. ಹೆಂಡತಿ ಅರ್ಜಿ ಹಾಕಿ ಮೂರು ತಿಂಗಳು ಕಾಯಬೇಕು, ಮನಸ್ಸು ಬದಲಾಗದಿದ್ದರೆ ರಾಜಿ. ಕರ್ನಾಟಕದಲ್ಲಿ ಅಂಥ ತಿದ್ದುಪಡಿ ಇರಲಿಲ್ಲ. ಆ ಸಂಹಿತೆಯ ಕಾಲದಲ್ಲಿ ಆದೋನಿಯಲ್ಲಿ ಕೇಸಾದ ದಂಪತಿ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆಯೇ ಮುಗಿಸಿಕೊಳ್ಳಬಹುದಿತ್ತು. ಸಿರುಗುಪ್ಪದಲ್ಲಿ ಕೇಸಾದವರು ಅದನ್ನು ರದ್ದು ಮಾಡಿಸಲು ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬೇಕಿತ್ತು. ಅಷ್ಟು ದೂರ ಹೋಗಲಾರದವರು ಏನು ಮಾಡುತ್ತಿದ್ದರು ಎಂದು ಬೇರೆ ಹೇಳಬೇಕಿಲ್ಲ. ಅಲ್ಲೂ ಸಾಕ್ಷಿ ತಿರುಗಿಬೀಳುತ್ತಿತ್ತು.

ಗುಳೆ ಹೋದ ಸಾಕ್ಷಿ

ಎಲ್ಲ ಸಾಕ್ಷಿಗಳೂ ಬೇಕೆಂದೇ ಕೈಕೊಡುವುದಿಲ್ಲ. ಕೋಸಿಗಿ, ಮಂತ್ರಾಲಯ, ಪೆದ್ದಕಡುಬೂರು ಕಡೆಯ ಊರುಗಳು ಮಳೆ ನಂಬಿ ಬದುಕುವಂಥವು. ಹತ್ತಿ ಬಿಡಿಸಿ ಮುಗಿದ ಮೇಲೆ ಕುಟುಂಬಗಳೇ ಗುಳೆ ಹೋಗುತ್ತವೆ. ಗುಂಟೂರಿನ ಮೆಣಸಿನಕಾಯಿ ಹೊಲ, ಹೈದರಾಬಾದು, ಬೆಂಗಳೂರಿನ ಕಟ್ಟಡದ ಕೆಲಸ. ಸಮನ್ಸ್ ಹಿಡಿದು ಬಂದ ಕಾನ್‌ಸ್ಟೆಬಲ್‌ಗೆ ಸಿಗುವುದು ಬೀಗ ಹಾಕಿದ ಬಾಗಿಲು. ಎರಡು ಮೂರು ಸಲ ಬಾರದಿದ್ದರೆ ಸಾಕ್ಷಿಯ ಮೇಲೇ ವಾರಂಟು. ಒಂದು ದಿನದ ಸಾಕ್ಷಿಗೆ ಕೂಲಿ ಕಳೆದುಕೊಂಡು, ಬಸ್ ಚಾರ್ಜು ಹಾಕಿಕೊಂಡು ಬಂದವನಿಗೆ ‘ಇವತ್ತು ಆಗಲಿಲ್ಲ, ಮುಂದಿನ ತಿಂಗಳು ಬಾ’ ಅಂದರೆ ಆ ಮುಂದಿನ ತಿಂಗಳು ಅವನು ಬರುವುದು ಅನುಮಾನ.

ಈ ಕೊಂಡಿ ಕಳಚದಂತೆ ನೋಡಿಕೊಳ್ಳುವವನು ಪ್ರತಿ ಠಾಣೆಯ ಕೋರ್ಟ್ ಕಾನ್‌ಸ್ಟೆಬಲ್. ಯಾವ ಕೇಸು ಯಾವ ತಾರೀಖಿಗಿದೆ, ಎಲ್‌ಡಬ್ಲ್ಯೂ ಮೂರು, ಅಂದರೆ ಪಟ್ಟಿಯ ಮೂರನೇ ಸಾಕ್ಷಿ, ಎಲ್ಲಿದ್ದಾನೆ, ವರ್ಗವಾಗಿ ಹೋದ ಡಾಕ್ಟರು ಈಗ ಯಾವ ಊರಲ್ಲಿದ್ದಾರೆ, ಮುದ್ದೆಮಾಲು ಸ್ಟೋರಿನಿಂದ ಬಂತೋ ಇಲ್ಲವೋ ಎಂಬುದೆಲ್ಲ ಅವನ ಡೈರಿಯಲ್ಲಿರುತ್ತದೆ. ಆಂಧ್ರ ಪೊಲೀಸ್ ಇಲಾಖೆ 2022ರಲ್ಲಿ ಆಯ್ದ ಕೇಸುಗಳ ವಿಚಾರಣೆಯನ್ನು ಬೆನ್ನು ಹತ್ತಿ ಶಿಕ್ಷೆಯ ತನಕ ಒಯ್ಯುವ ಪದ್ಧತಿ ತಂದಾಗ ಈ ಕೆಲಸಕ್ಕೆ ಮಹತ್ವ ಬಂತು.

ಇನ್ನು ಭಾಷೆ. ಗಡಿಯ ಹಳ್ಳಿಯ ಸಾಕ್ಷಿ ಮನೆಯಲ್ಲಿ ಆಡುವುದು ಕನ್ನಡ. ಪೊಲೀಸರು ಅವನ ಹೇಳಿಕೆಯನ್ನು ಬರೆದುಕೊಳ್ಳುವುದು ತೆಲುಗಿನಲ್ಲಿ. ಕೋರ್ಟಿನಲ್ಲಿ ಅವನ ಸಾಕ್ಷ್ಯ ಎಷ್ಟೋ ಸಲ ದಾಖಲಾಗುವುದು ಇಂಗ್ಲಿಷಿನಲ್ಲಿ. ವರ್ಷಗಳ ಹಿಂದಿನ ಹೇಳಿಕೆಗೂ ಇಂದಿನ ಮಾತಿಗೂ ಇರುವ ಸಣ್ಣ ವ್ಯತ್ಯಾಸವನ್ನೇ ಹಿಡಿದು ಪ್ರತಿವಾದಿ ವಕೀಲರು ಪಾಟೀಸವಾಲು ಮಾಡುತ್ತಾರೆ. ಸಾಕ್ಷ್ಯವನ್ನು ಸಾಕ್ಷಿಗೆ ಓದಿ ಹೇಳಬೇಕು, ಅವನಿಗೆ ಆ ಭಾಷೆ ಬಾರದಿದ್ದರೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಆರೋಪಿಗೂ ಅವನ ಭಾಷೆಯಲ್ಲಿ ತಿಳಿಸಬೇಕು ಎಂದು ಕಾನೂನಿದೆ. ಮೊದಲ ಹೇಳಿಕೆ ಬರೆದುಕೊಂಡವರಿಗೆ ಕನ್ನಡ ಎಷ್ಟು ಬರುತ್ತಿತ್ತು ಎಂಬುದು ಮಾತ್ರ ಆಯಾ ಠಾಣೆಯ ಅದೃಷ್ಟ.

ಗಡಿಯ ಸರಾಯಿ, ಓಸಿ ಚೀಟಿ

ಸಂಖ್ಯೆಯ ಲೆಕ್ಕದಲ್ಲಿ ಕೊಲೆ, ದರೋಡೆಗಳಿಗಿಂತ ಪೊಲೀಸರ ಕೈ ತುಂಬುವುದು ಸಣ್ಣ ಕೇಸುಗಳಿಂದ. 2020ರ ಮೇ ತಿಂಗಳಲ್ಲಿ ಆಂಧ್ರ ಸರ್ಕಾರ ಮದ್ಯದ ಬೆಲೆಯನ್ನು ಎರಡು ಹಂತದಲ್ಲಿ ಒಟ್ಟು ಶೇ 75ರಷ್ಟು ಏರಿಸಿತು. ಗಡಿಯಾಚೆ ಕರ್ನಾಟಕದ ಟೆಟ್ರಾ ಪ್ಯಾಕು ಅಗ್ಗ. ಸಿರುಗುಪ್ಪದ ರಸ್ತೆ, ಮಾಧವರದ ತುಂಗಭದ್ರಾ ಸೇತುವೆ, ಹೊಲದ ಕಾಲುದಾರಿ, ಎಲ್ಲ ಕಡೆಯಿಂದ ಬೈಕಿನ ಡಿಕ್ಕಿಯಲ್ಲಿ, ಆಟೋ ಸೀಟಿನ ಕೆಳಗೆ ಪ್ಯಾಕು ಬಂದವು. ತಡೆಯಲೆಂದೇ ಅದೇ ಮೇ ತಿಂಗಳಲ್ಲಿ ವಿಶೇಷ ಜಾರಿ ದಳ ಹುಟ್ಟಿತು, ಅಬಕಾರಿ ಕಾಯಿದೆಯ ಶಿಕ್ಷೆಯೂ ದಂಡವೂ ಏರಿದವು. 2024ರಲ್ಲಿ ಸರ್ಕಾರ ಬದಲಾದ ಮೇಲೆ ಆ ದಳ ರದ್ದಾಯಿತು. ಅಕ್ಟೋಬರ್‌ನಲ್ಲಿ ಖಾಸಗಿ ಅಂಗಡಿ, 99 ರೂಪಾಯಿಯ ಮದ್ಯ ಬಂತು. ನಾಲ್ಕೂ ಚಿಲ್ಲರೆ ವರ್ಷದಲ್ಲಿ ದಾಖಲಾದ ಕೇಸುಗಳು ಮಾತ್ರ ಕೋರ್ಟಿನಲ್ಲಿ ತಮ್ಮ ಸರದಿಗೆ ಕಾದಿವೆ.

ಇಂಥ ಕೇಸು ನಿಲ್ಲುವುದು ಪಂಚನಾಮೆಯ ಮೇಲೆ. ಹಿಡಿದಾಗ ಪಂಚರು ನಿಜಕ್ಕೂ ಅಲ್ಲಿದ್ದರೇ, ಸ್ಯಾಂಪಲ್ ತೆಗೆದು ಅರಗು ಮುದ್ರೆ ಹಾಕಿದರೇ, ಲ್ಯಾಬಿಗೆ ಹೋದದ್ದು ಅದೇ ಬಾಟಲಿಯೇ? ಒಂದು ಕೊಂಡಿ ತಪ್ಪಿದರೂ ಸಂಶಯದ ಲಾಭ ಆರೋಪಿಗೆ. ಆದರೆ ಅಷ್ಟರಲ್ಲಿ ಅವನ ಬೈಕು ಠಾಣೆಯ ಹಿಂದೆ ತುಕ್ಕು ಹಿಡಿದಿರುತ್ತದೆ.

ಓಸಿ, ಮಟ್ಕಾ, ಇಸ್ಪೀಟಿನ ಕೇಸುಗಳ ಕಥೆ ಬೇರೆ. ಇಲ್ಲಿ ವಿಚಾರಣೆಯೇ ಅಪರೂಪ. ಚೀಟಿ ಬರೆದವನು, ಆಡಿದವನು ತಪ್ಪೊಪ್ಪಿಕೊಂಡು ದಂಡ ಕಟ್ಟುತ್ತಾರೆ. ಕೆಲವೊಮ್ಮೆ ಕೋರ್ಟು ಏಳುವ ತನಕ ಅಲ್ಲೇ ಕೂತಿರುವುದೇ ಶಿಕ್ಷೆ. ವಕೀಲರ ಫೀಸು, ಹತ್ತು ಸಲ ಓಡಾಡುವ ಖರ್ಚಿಗಿಂತ ದಂಡವೇ ಅಗ್ಗ ಎಂಬುದು ಅವರ ಲೆಕ್ಕ. ದಾಖಲೆಯಲ್ಲಿ ಇದೂ ‘ಶಿಕ್ಷೆಯಾದ ಪ್ರಕರಣ’ವೇ.

ಬನ್ನಿಯ ರಾತ್ರಿ

ಶಿಕ್ಷೆಗಿಂತ ಮುಂಚೆಯೇ ಕೆಲಸ ಮಾಡುವ ಕಾನೂನೂ ಒಂದಿದೆ. ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವ ಮೂರ್ತಿಗಾಗಿ ಸುತ್ತಲ ಊರಿನವರು ಪಂಜು ಹಿಡಿದು ಬಡಿಗೆ ಬೀಸುತ್ತಾರೆ. ನೆರಣಿಕಿ, ನೆರಣಿಕಿ ತಾಂಡಾ, ಕೊತ್ತಪೇಟೆಯವರು ಒಂದು ಕಡೆ, ಅರಿಕೆರೆ ಮುಂತಾದ ಊರುಗಳವರು ಇನ್ನೊಂದು ಕಡೆ. ಕರ್ನಾಟಕದಿಂದಲೂ ಭಕ್ತರು ಹೋಗುತ್ತಾರೆ. ಪ್ರತಿವರ್ಷ ಹತ್ತಾರು ತಲೆಗಳು ಒಡೆಯುತ್ತವೆ, ಸಾವುಗಳೂ ಆಗಿವೆ.

ಕಣ್ಣೆದುರೇ ಇಷ್ಟೆಲ್ಲ ನಡೆದರೂ ಇದರಲ್ಲಿ ಶಿಕ್ಷೆ ಕಾಣುವುದು ಕಷ್ಟ. ಕತ್ತಲು, ಸಾವಿರಾರು ಜನ, ಏಟು ತಿಂದವನೇ ‘ದೇವರ ಕೆಲಸ’ ಎಂದು ಭಂಡಾರ ಹಚ್ಚಿಕೊಂಡು ದೂರು ಕೊಡದೆ ಹೋಗುತ್ತಾನೆ. ದೂರಿಲ್ಲ, ಸಾಕ್ಷಿಯಿಲ್ಲ. ಆದ್ದರಿಂದ ಪೊಲೀಸರು ಹಬ್ಬಕ್ಕೆ ಮೊದಲೇ ಹಳ್ಳಿಗಳಲ್ಲಿ ಬಡಿಗೆ ವಶಪಡಿಸಿಕೊಳ್ಳುತ್ತಾರೆ, ಗಲಾಟೆ ಮಾಡಬಹುದಾದವರನ್ನು ತಹಸೀಲ್ದಾರರ ಮುಂದೆ ಹಾಜರುಪಡಿಸಿ ಬೈಂಡೋವರ್ ಮಾಡಿಸುತ್ತಾರೆ. ಶಾಂತಿ ಕಾಪಾಡುತ್ತೇನೆಂದು ಬರೆದುಕೊಡುವ ಮುಚ್ಚಳಿಕೆ ಇದು. ಅಪರಾಧ ನಡೆಯದಂತೆ ನೋಡಿಕೊಳ್ಳುವ ಕ್ರಮವೇ ಹೊರತು ಶಿಕ್ಷೆಯಲ್ಲ. ಚುನಾವಣೆ ಬಂದಾಗಲೂ ಗುಂಪುಗಾರಿಕೆಯ ಹಳ್ಳಿಗಳಲ್ಲಿ ಇದೇ ಮದ್ದು.

ಕಪ್ಪಟ್ರಾಳ್ಳ: ಕೇಸು ನಿಂತಾಗ

ರಾಯಲಸೀಮೆಯ ಫ್ಯಾಕ್ಷನ್ ಕೊಲೆಗಳಲ್ಲಿ ಸಾಕ್ಷಿ ಸಿಗುವುದಿಲ್ಲ ಎಂಬ ಮಾತಿಗೆ ದೊಡ್ಡ ಅಪವಾದ ಇದೇ ಸೀಮೆಯಲ್ಲಿದೆ. ದೇವನಕೊಂಡ ಮಂಡಲದ ಕಪ್ಪಟ್ರಾಳ್ಳ ದಶಕಗಳ ಹಗೆಗೆ ಹೆಸರಾಗಿದ್ದ ಊರು. 2008ರಲ್ಲಿ ಅಲ್ಲಿನ ಮುಖಂಡ ವೆಂಕಟಪ್ಪ ನಾಯುಡು ಹಾಗೂ ಜೊತೆಗಿದ್ದ ಹಲವರನ್ನು ಕೊಲ್ಲಲಾಯಿತು. 2014ರಲ್ಲಿ ಆದೋನಿಯ ಕೋರ್ಟು ಆ ಪ್ರಕರಣದ ಹಲವು ಆರೋಪಿಗಳಿಗೆ ಒಟ್ಟಿಗೇ ಜೀವಾವಧಿ ವಿಧಿಸಿತು. ಆಮೇಲೆ ಆಗಿನ ಕರ್ನೂಲು ಎಸ್‌ಪಿ ಆಕೆ ರವಿಕೃಷ್ಣ ಆ ಊರನ್ನು ದತ್ತು ತೆಗೆದುಕೊಂಡರು.

ಒಂದೇ ಪ್ರಕರಣದಲ್ಲಿ ಅಷ್ಟೊಂದು ಜನಕ್ಕೆ ಜೀವಾವಧಿ ಹೇಗೆ? ಐದು ಅಥವಾ ಹೆಚ್ಚು ಜನ ಒಂದೇ ಅಕ್ರಮ ಉದ್ದೇಶಕ್ಕೆ ಕೂಡಿ ಬಂದು, ಆ ಉದ್ದೇಶ ಸಾಧಿಸಲು ಅವರಲ್ಲೊಬ್ಬ ಕೊಲೆ ಮಾಡಿದರೂ ಗುಂಪಿನಲ್ಲಿದ್ದ ಎಲ್ಲರೂ ಹೊಣೆ. ಹಳೆಯ ದಂಡ ಸಂಹಿತೆಯ 149ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 190. ಗುಂಪಿನಲ್ಲಿ ಅವನಿದ್ದ ಎಂದು ಸಾಬೀತಾದರೆ ಕತ್ತಿ ಹಿಡಿದವನಿಗೂ ಹಿಂದೆ ನಿಂತವನಿಗೂ ಶಿಕ್ಷೆ ಒಂದೇ. ಗುಂಪು ಕೊಲೆಯ ಕೇಸುಗಳಲ್ಲಿ ಅಮಾಯಕರ ಹೆಸರು ಸೇರಿಸುವ ಆಸೆ ಹುಟ್ಟುವುದೂ ಇದರಿಂದಲೇ, ‘ಅವತ್ತು ನಾನು ಊರಲ್ಲೇ ಇರಲಿಲ್ಲ’ ಎಂಬ ವಾದ ಬರುವುದೂ ಇದರಿಂದಲೇ.

ಎಷ್ಟು ಶಿಕ್ಷೆ, ಯಾಕೆ ಅಷ್ಟು?

ತಪ್ಪಿತಸ್ಥ ಎಂದು ತೀರ್ಮಾನವಾದ ಮೇಲೆ ನ್ಯಾಯಾಧೀಶರು ಇನ್ನೊಂದು ಪ್ರಶ್ನೆ ಕೇಳಬೇಕು: ‘ಶಿಕ್ಷೆಯ ಬಗ್ಗೆ ಏನು ಹೇಳುತ್ತೀಯ?’ 1973ರ ಸಂಹಿತೆ ಇದನ್ನು ಕಡ್ಡಾಯ ಮಾಡಿತು. ಉತ್ತರ ಸಾಮಾನ್ಯವಾಗಿ ಒಂದೇ: ಮುದಿ ತಂದೆತಾಯಿ, ಸಣ್ಣ ಮಕ್ಕಳು, ದುಡಿಯುವವನು ನಾನೊಬ್ಬನೇ.

ಹೆಚ್ಚಿನ ಕಲಮುಗಳು ಹೇಳುವುದು ‘ಇಷ್ಟು ವರ್ಷದ ತನಕ’ ಎಂದು ಮಾತ್ರ. ಒಂದು ದಿನವೋ ಮೂರು ವರ್ಷವೋ ನ್ಯಾಯಾಧೀಶರ ವಿವೇಚನೆ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಒಂದು ಮಂಡಳಿ ಇದ್ದು ಮಾರ್ಗಸೂಚಿ ಹೊರಡಿಸುತ್ತದೆ. ನಮ್ಮಲ್ಲಿ ಅಂಥದ್ದು ಬೇಕೆಂದು 2003ರಲ್ಲೇ ವರದಿ ಕೊಟ್ಟವರು ಹುಬ್ಬಳ್ಳಿಯವರಾದ ನ್ಯಾಯಮೂರ್ತಿ ವಿ.ಎಸ್. ಮಳೀಮಠ್. ಸುಪ್ರೀಂ ಕೋರ್ಟು ಕೂಡ ಈ ಕೊರತೆಯನ್ನು ಮತ್ತೆ ಮತ್ತೆ ಎತ್ತಿ ಹೇಳಿದೆ. ಮಾರ್ಗಸೂಚಿ ಮಾತ್ರ ಬಂದಿಲ್ಲ.

ಇದರಿಂದ ಒಂದು ಮಾದರಿ ತಾನೇತಾನಾಗಿ ಮೂಡಿದೆ. ಸಣ್ಣ ಅಪರಾಧ, ಮೊದಲ ಸಲ ಸಿಕ್ಕವನು, ಹಳೆಯ ಜಗಳ: ದಂಡ, ಇಲ್ಲವೇ 1958ರ ಪ್ರೊಬೇಷನ್ ಕಾಯಿದೆಯಡಿ ಸನ್ನಡತೆಯ ಬಾಂಡು ಬರೆಸಿಕೊಂಡು ಬಿಡುಗಡೆ. ನಿರ್ಲಕ್ಷ್ಯದಿಂದ ವಾಹನ ಓಡಿಸಿ ಸಾವಿಗೆ ಕಾರಣನಾದವನಿಗೆ ಇಂಥ ಕರುಣೆ ತೋರಬಾರದೆಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಇನ್ನೊಂದು ತುದಿಯಲ್ಲಿ ಕನಿಷ್ಠ ಶಿಕ್ಷೆ ನಿಗದಿಯಾದ ಕಾನೂನುಗಳಿವೆ. ಪೋಕ್ಸೊ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ 16 ವರ್ಷದೊಳಗಿನ ಮಗುವಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 20 ವರ್ಷ. ಅದಕ್ಕಿಂತ ಕಡಿಮೆ ಕೊಡುವ ಅಧಿಕಾರ ನ್ಯಾಯಾಧೀಶರಿಗಿಲ್ಲ. ಫಲಿತಾಂಶ ಒಂದೋ ಭಾರೀ ಶಿಕ್ಷೆ, ಇಲ್ಲವೇ ಖುಲಾಸೆ; ನಡುವಿನ ಮೆಟ್ಟಿಲೇ ಇಲ್ಲ.

ಸುದ್ದಿ ಓದುವಾಗ ಗೊಂದಲ ಮಾಡುವ ಸಂಗತಿ ಇನ್ನೆರಡು. ಮೂರು ಕಲಮಿಗೆ ಮೂರು ಶಿಕ್ಷೆ ಎಂದು ಬರೆದಿದ್ದರೂ ‘ಏಕಕಾಲಕ್ಕೆ’ ಎಂಬ ಪದವಿದ್ದರೆ ಅನುಭವಿಸುವುದು ಅವುಗಳಲ್ಲಿ ಉದ್ದನೆಯದನ್ನು ಮಾತ್ರ. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂಬ ನಂಬಿಕೆಯೂ ತಪ್ಪು. ಜೀವಾವಧಿ ಎಂದರೆ ಬದುಕಿರುವ ತನಕ. ಮರಣದಂಡನೆಗೂ ಅವಕಾಶವಿರುವ ಕೊಲೆಯಂಥ ಅಪರಾಧದಲ್ಲಿ ಹದಿನಾಲ್ಕು ವರ್ಷ ಕಳೆಯದೆ ಸರ್ಕಾರ ಬಿಡುಗಡೆ ಮಾಡುವಂತಿಲ್ಲ ಅಷ್ಟೆ. ಕಳೆದ ಮೇಲೆ ಬಿಡಲೇಬೇಕೆಂದಿಲ್ಲ. ಬೆಂಗಳೂರಿನ ಶಾಕಿರಾ ಖಲೀಲಿ ಕೊಲೆ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಸ್ವಾಮಿ ಶ್ರದ್ಧಾನಂದನಿಗೆ ಗಲ್ಲು ತಪ್ಪಿಸಿ, ಸಾಯುವ ತನಕ ಬಿಡುಗಡೆಯಿಲ್ಲದ ಜೈಲು ವಿಧಿಸಿತು.

ಶೇಕಡಾವಾರು ಏನು ಹೇಳುತ್ತದೆ?

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಭಾರತೀಯ ದಂಡ ಸಂಹಿತೆಯ ಕೇಸುಗಳಲ್ಲಿ ಶಿಕ್ಷೆಯ ಪ್ರಮಾಣ ಶೇ 54ರ ಆಸುಪಾಸು. ಕೊಲೆ ಕೇಸುಗಳಲ್ಲಿ ಇದು ಅರ್ಧಕ್ಕೂ ಕಡಿಮೆ. ಆದರೆ ಈ ಭಾಗಾಕಾರದ ಕೆಳಗಿರುವುದು ಆ ವರ್ಷ ವಿಚಾರಣೆ ಮುಗಿದ ಕೇಸುಗಳು ಮಾತ್ರ. ರಾಜಿಯಾದವು ಅದರಲ್ಲಿಲ್ಲ. ವಿಚಾರಣೆಗೆ ಕಾದು ಕೂತ ದೊಡ್ಡ ರಾಶಿಯೂ ಇಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟಿದ ಕೇಸು ಮಾತ್ರ ಉಂಟು.

ಹಾಗಾಗಿ ‘ನಮ್ಮ ಠಾಣೆಯಲ್ಲಿ ಶಿಕ್ಷೆಯ ಪ್ರಮಾಣ ಶೇ 80’ ಎಂದು ಯಾರಾದರೂ ಹೇಳಿದರೆ ಯಾವ ಕೇಸುಗಳಲ್ಲಿ ಎಂದು ಕೇಳಬೇಕು. ಇಸ್ಪೀಟಿನ ದಂಡ ಬಿಟ್ಟು, ಪೂರ್ತಿ ಸಾಕ್ಷಿ ನಡೆದ ಕೇಸುಗಳಲ್ಲಿ ಎಷ್ಟು ನಿಂತವು? ಬಿದ್ದವುಗಳಲ್ಲಿ ಎಷ್ಟರಲ್ಲಿ ಸಾಕ್ಷಿ ತಿರುಗಿತು, ಎಷ್ಟರಲ್ಲಿ ತನಿಖೆಯೇ ಸೊಟ್ಟಗಿತ್ತು?

ಹೊಸ ಸಂಹಿತೆಗಳು ಕೆಲವು ರಿಪೇರಿಗೆ ಕೈ ಹಾಕಿವೆ. ಏಳು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧದಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರುವುದನ್ನು ರಾಜ್ಯಗಳು ಹಂತಹಂತವಾಗಿ ಕಡ್ಡಾಯ ಮಾಡಬೇಕು. ಸಮನ್ಸನ್ನು ಮೊಬೈಲಿಗೂ ಕಳಿಸಬಹುದು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದ ಮೊದಲ ತಪ್ಪಿಗೆ, ಮಾಲು ಮರಳಿಸಿದರೆ, ಸಮುದಾಯ ಸೇವೆಯೇ ಶಿಕ್ಷೆ. ಮೊದಲ ಸಲ ಸಿಕ್ಕ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಜೈಲಿನಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಜೀವಾವಧಿ, ಮರಣದಂಡನೆಯ ಕೇಸುಗಳಿಗೆ ಇದಿಲ್ಲ.

ಇದೆಲ್ಲ ಒಳ್ಳೆಯದೇ. ಆದರೆ ಈ ಸೀಮೆಯ ಕೇಸುಗಳು ಬೀಳುತ್ತಿರುವುದು ಕಲಮಿನ ಕೊರತೆಯಿಂದ ಅಲ್ಲ. ಸಾಕ್ಷಿಗೆ ಆ ದಿನದ ಕೂಲಿ ಮತ್ತು ಬಸ್ ಚಾರ್ಜು ಅಂದೇ ಕೈಗೆ ಸಿಗಬೇಕು. ಕರೆದ ದಿನವೇ ಅವನ ಸಾಕ್ಷಿ ಮುಗಿಯಬೇಕು. ಗಡಿಯ ಠಾಣೆಗಳಲ್ಲಿ ಕನ್ನಡ ಬಲ್ಲವರೊಬ್ಬರು ಹೇಳಿಕೆ ಬರೆದುಕೊಳ್ಳಬೇಕು. ಮನಃಪೂರ್ವಕ ರಾಜಿಗೆ ಕೋರ್ಟಿನೊಳಗೇ ಒಂದು ಬಾಗಿಲು ಇರಬೇಕು, ಆಗ ಅದು ಸುಳ್ಳು ಸಾಕ್ಷಿಯ ವೇಷ ತೊಡಬೇಕಾಗಿಲ್ಲ. ಬೆದರಿಕೆಯ ರಾಜಿಯನ್ನು ನ್ಯಾಯಾಧೀಶರು ಕೇಳಿ ಗುರುತಿಸುವುದಕ್ಕೂ ಅವಕಾಶವಾಗುತ್ತದೆ. ಇವಿಷ್ಟಕ್ಕೆ ಬೇಕಾದದ್ದು ಸ್ವಲ್ಪ ಹಣ, ಹೆಚ್ಚು ಶಿಸ್ತು. ಇಷ್ಟಾದರೂ ಖುಲಾಸೆಗಳು ಇದ್ದೇ ಇರುತ್ತವೆ, ಇರಬೇಕು ಕೂಡ. ಆಗ ಅವು ತಪ್ಪು ಮಾಡದವನಿಗೆ ಸಿಕ್ಕ ಖುಲಾಸೆಗಳೆಂದು ನಂಬುವುದಕ್ಕೆ ಕಾರಣವಿರುತ್ತದೆ.